ಹಸೆ ಕಂಬಳಿಯ ಕೋಟು

ತೊಂಬತ್ತರ ದಶಕದ ಕೊನೆಯಲ್ಲಿ ಚಳ್ಳಕೆರೆಯಲ್ಲಿ ಬಟ್ಟೆ ಹಾಕಿಕೊಳ್ಳಲು ಬರುವ ಗಂಡಸು ಅಂತ ಇದ್ದದ್ದು ಒಬ್ಬನೇ. ಅದು ನಾನು. ಈ ಮಾತನ್ನು ಬೇರೆ ಯಾರೂ ಹೇಳಿರಲಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿತ್ತು.

ಉಳಿದವರ ವಿಷಯ ಕೇಳಬೇಡಿ. ಎಣ್ಣೆ ಗಿರಣಿಯ ಮಾಲೀಕರು ಬಿಳಿ ಸಫಾರಿ ಹಾಕುತ್ತಿದ್ದರು. ಕಚೇರಿಯ ನೌಕರರು ಬೂದು ಸಫಾರಿ. ಸಫಾರಿ ಹೊಲಿಸುವ ಯೋಗವಿಲ್ಲದವರು ಯಾವತ್ತಾದರೂ ಹೊಲಿಸುವ ಆಸೆಯಲ್ಲಿ ಲುಂಗಿ ಉಟ್ಟುಕೊಂಡು ಕಾಯುತ್ತಿದ್ದರು. ನನ್ನ ವಿದ್ಯಾರ್ಥಿಗಳು ಸೊಂಟದ ಹತ್ತಿರ ಆರಾರು ಮಡಿಕೆಯಿದ್ದ ಬ್ಯಾಗಿ ಪ್ಯಾಂಟು ತೊಡುತ್ತಿದ್ದರು. ಆಷಾಢದ ಗಾಳಿ ಬೀಸಿದರೆ ಒಂದು ಕಾಲು ಮೊಳಕಾಲ್ಮೂರಿನ ಕಡೆಗೆ, ಇನ್ನೊಂದು ಹಿರಿಯೂರಿನ ಕಡೆಗೆ ಹೊರಟುಬಿಡುತ್ತಿತ್ತು. ಇಂಥವರ ನಡುವೆ ನಾನೊಬ್ಬ ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಇತಿಹಾಸದ ಅರೆಕಾಲಿಕ ಉಪನ್ಯಾಸಕ. ಅರೆಕಾಲಿಕ ಎಂದರೆ ಪಾಠ ಪೂರ್ತಿ, ಸಂಬಳ ಅರೆ.

ಆ ಸಂಬಳದಲ್ಲಿ ಟಿಪ್‌ಟಾಪಾಗಿ ಕಾಣುವುದಕ್ಕೆ ನನ್ನದೇ ಒಂದು ಶಾಸ್ತ್ರವಿತ್ತು. ಪ್ಯಾಂಟನ್ನು ಸ್ವಲ್ಪ ಒದ್ದೆಯಿರುವಾಗಲೇ ಮಡಚಿ ಹಾಸಿಗೆಯಡಿ ಇಟ್ಟು ಮಲಗಿದರೆ ಬೆಳಿಗ್ಗೆಗೆ ಇಸ್ತ್ರಿಯ ಗೆರೆ ಬರುತ್ತದೆ. ಹೊರಳಾಡಿದರೆ ಎರಡು ಗೆರೆ ಬರುತ್ತವೆ. ಹೀಗಾಗಿ ಆ ವರ್ಷಗಳಲ್ಲಿ ನಾನು ಹೆಣದಂತೆ ನೆಟ್ಟಗೆ ಮಲಗುವುದನ್ನು ಕಲಿತೆ. ಅಂಗಿಯ ಕಾಲರು ಸವೆದರೆ ಬಿಚ್ಚಿಸಿ, ತಿರುವಿ ಹೊಲಿಸುತ್ತಿದ್ದೆ. ಒಂದು ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿ ಉಜ್ಜಿ ತಿಂಗಳು ದೂಡುತ್ತಿದ್ದೆ, ಗಾಯಕ್ಕೆ ಪಟಿಕ ಇತ್ತು. ಶೂಗೆ ಪಾಲಿಶ್ ಮುಗಿದಾಗ ಶೇಂಗಾ ಎಣ್ಣೆ. ಹೊಳಪು ಚೆನ್ನಾಗಿಯೇ ಬರುತ್ತಿತ್ತು, ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಊರಿನ ಧೂಳೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತಿತ್ತು, ಎರಡು ನಾಯಿ ಮೂಸಿಕೊಂಡು ಹಿಂದೆ ಬರುತ್ತಿದ್ದವು. ನಮ್ಮ ಕಾಲೇಜಿನ ಗುಮಾಸ್ತರು ಇದನ್ನೆಲ್ಲ ನೋಡಿ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ನೋಡ್ರಿ ನಮ್ ಮೇಷ್ಟ್ರಿಗೆ" ಎನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ನನ್ನ ತಲೆ ಪೂರ್ತಿ ಕೆಟ್ಟಿದ್ದು ಒಂದು ರದ್ದಿ ಅಂಗಡಿಯಲ್ಲಿ. ಅಲ್ಲಿ ತೂಕಕ್ಕೆ ಕೊಂಡ ಹಳೆಯ ಕಾಗದದ ನಡುವೆ ವಿದೇಶಿ ಪತ್ರಿಕೆಯೊಂದು ಸಿಕ್ಕಿತು. ಅದರ ತುಂಬ ಗಂಡಸರು. ಒಬ್ಬೊಬ್ಬನೂ ಜಗತ್ತಿನ ಯಾವ ಕೆಲಸವೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಗೋಡೆಗೋ ಗೇಟಿಗೋ ಒರಗಿ ನಿಂತಿದ್ದ. ನಾನು ಡಿಕ್ಷನರಿ ಇಟ್ಟುಕೊಂಡು ಒಂದು ವಾರ ಓದಿದೆ. ಸಜ್ಜನನ ಕೋಟು ಶುದ್ಧ ಉಣ್ಣೆಯದಾಗಿರಬೇಕು, ನೂಲು ಒರಟಾಗಿದ್ದಷ್ಟೂ ಘನತೆ, ಬಣ್ಣ ಕುರಿಯ ಮೈಮೇಲೆ ಇದ್ದದ್ದೇ ಆಗಿದ್ದರೆ ಇನ್ನೂ ಶ್ರೇಷ್ಠ, ಹೆಗಲು ಮಾತ್ರ ಅಳತೆಗೆ ಸರಿಯಾಗಿ ಕೂರಬೇಕು ಎಂದೆಲ್ಲ ಬರೆದಿತ್ತು. ಪಕ್ಕದ ಚಿತ್ರದಲ್ಲಿ ಅಂಥ ಕೋಟು ತೊಟ್ಟ ಇಂಗ್ಲಿಷ್ ದೊರೆಯೊಬ್ಬ ನಿಂತಿದ್ದ. ಅವನ ಹಿಂದೆ ಹುಲ್ಲುಗಾವಲು, ಅದರಲ್ಲಿ ಕುರಿಗಳು.

ನಾನು ಕುರಿಗಳನ್ನು ಎಣಿಸಿದೆ. ಹನ್ನೊಂದು ಇದ್ದವು. ದೇವಸಮುದ್ರದ ಹತ್ತಿರದ ನಮ್ಮ ಹಳ್ಳಿಯ ಹಟ್ಟಿಯಲ್ಲಿ ನಲವತ್ತು ಇದ್ದವು. ಯಾವ ಕಡೆಯಿಂದ ನೋಡಿದರೂ ನಾನೇ ದೊಡ್ಡ ಮನುಷ್ಯ. ಕೋಟೊಂದು ಕಡಿಮೆಯಿತ್ತು, ಅಷ್ಟೆ.

ಕೋಟಿಗೆ ಬೇಕಾದ ಬಟ್ಟೆಯೂ ನಮ್ಮ ಮನೆಯ ಟ್ರಂಕಿನಲ್ಲಿತ್ತು. ಅದನ್ನು ಮುಟ್ಟಬಾರದಿತ್ತು, ಅದೊಂದೇ ತೊಡಕು.

ನಮ್ಮ ಮನೆತನದಲ್ಲಿ ಮದುವೆಯ ದಿನ ಗಂಡು ಹೆಣ್ಣು ಹಸೆಗೆ ಕೂರುವುದು ಹೊಸ ಕರಿ ಕಂಬಳಿಯ ಮೇಲೆ. ಅದರ ನೂಲನ್ನು ಗಂಡಿನ ತಾಯಿಯೇ ನೂಲಬೇಕು. ಸಂತೆಯಲ್ಲಿ ಕೊಂಡದ್ದು ಆಗುವುದಿಲ್ಲ, ಕತ್ತರಿ ಸೋಕಿದ್ದಂತೂ ಆಗುವುದೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಕುರಿ, ಹೊಲ, ನನ್ನ ಓದು ಮೂರನ್ನೂ ಒಬ್ಬಳೇ ಎಳೆದವಳು. ಅದರ ನಡುವೆ ಮರಿಗಳ ಮೊದಲ ಉಣ್ಣೆಯನ್ನು ಬೇರೆಯಾಗಿ ಎತ್ತಿಟ್ಟು, ಎರಡು ವರ್ಷ ನೂತು, ನಮ್ಮೂರ ನೇಯುವ ಅಜ್ಜನ ಕೈಯಲ್ಲಿ ಕಂಬಳಿ ನೇಯಿಸಿದ್ದಳು. ಬೇವಿನ ಎಲೆ ಹಾಕಿ, ತನ್ನ ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ಅದು ಮುಗಿಯುವ ಹೊತ್ತಿಗೆ ಅವಳ ಎರಡು ಕಣ್ಣಿಗೂ ಪೊರೆ ಬಂದು, ಕುರಿಗಳ ಹಿಂದೆ ಹೋಗುವಷ್ಟು ಮಸುಕು ನೋಟ ಮಾತ್ರ ಉಳಿದಿತ್ತು.

ಆ ಕಾರ್ತಿಕದಲ್ಲಿ ಊರಿಗೆ ಹೋದವನು, "ರೂಮಲ್ಲಿ ಚಳಿ ಅವ್ವ, ಒಂದು ಕಂಬಳಿ ಕೊಡು" ಎಂದೆ.

"ಗೂಟದ ಮ್ಯಾಲೈತೆ ನೋಡು, ತಗಂಡೋಗು. ಟ್ರಂಕಿನಾಗಿರೋದು ಮುಟ್ಟಬ್ಯಾಡ ಮಗಾ, ಅದು ನಿನ್ನ ಹಸೆಗೆ" ಎಂದು ಹೇಳಿ ಅವ್ವ ಕುರಿ ಹೊಡೆದುಕೊಂಡು ಹೋದಳು.

ಅವಳು ಊರಾಚೆಯ ಬಾರೆಯ ಏರು ದಾಟುವುದನ್ನು ನೋಡಿಕೊಂಡು ನಾನು ಟ್ರಂಕ್ ತೆರೆದೆ. ಮದುವೆ ನನ್ನದು, ಹಸೆ ನನ್ನದು, ಅಂದ ಮೇಲೆ ಕಂಬಳಿಯೂ ನನ್ನದೇ ತಾನೆ? ನನ್ನದನ್ನು ನಾನು ತೆಗೆದುಕೊಂಡರೆ ಕಳ್ಳತನ ಹೇಗಾಗುತ್ತದೆ? ಎಂ.ಎ. ಓದಿದವನಿಗೆ ಇಂಥ ವಾದಗಳಿಗೆ ಬರವಿರುವುದಿಲ್ಲ. ಕಂಬಳಿಯನ್ನು ಬ್ಯಾಗಿಗೆ ತುಂಬಿಕೊಂಡೆ. ಚಳ್ಳಕೆರೆಯ ಭಾನುವಾರದ ಕಂಬಳಿ ಸಂತೆಯಲ್ಲಿ ಅದೇ ಅಗಲ, ಅದೇ ಉದ್ದ, ಅದೇ ಕಪ್ಪಿನ ಇನ್ನೊಂದನ್ನು ಕೊಂಡು ತಂದು, ಮುಂದಿನ ಸಲ ಬಂದಾಗ ಅದೇ ಹಳೆ ಸೀರೆಯಲ್ಲಿ ಸುತ್ತಿ, ಅದೇ ಬೇವಿನ ಎಲೆಗಳನ್ನೇ ಹಾಕಿ ಇಟ್ಟೆ. ಕಣ್ಣು ಸರಿಯಾಗಿ ಕಾಣದ ಮುದುಕಿಗೆ ಗೊತ್ತಾಗುವುದು ಹೇಗೆ? ಬಟ್ಟೆ ಎಂದರೆ ಕಣ್ಣಿನಿಂದ ನೋಡುವ ವಸ್ತು ಎಂದು ನಾನು ಗಾಢವಾಗಿ ನಂಬಿದ್ದ ಕಾಲ ಅದು.

ಇನ್ನು ಟೈಲರು. ಚಳ್ಳಕೆರೆಯಲ್ಲಿ ಕೋಟು ಹೊಲಿಯುವ ಅನುಭವವಿದ್ದವರು ಹಳೆ ಪೇಟೆಯ ಸಾಬರೊಬ್ಬರೇ. ಆ ಅನುಭವ ಬಂದದ್ದು ಮದುವೆ ಬ್ಯಾಂಡ್ ಸೆಟ್ಟುಗಳ ಯೂನಿಫಾರಂ ಹೊಲಿದು. ನಾನು ಕಂಬಳಿಯನ್ನು ಮೇಜಿನ ಮೇಲೆ ಹರಡಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಕ್ಯಾ ಮಜಾಕ್ ಮೇಷ್ಟ್ರೇ? ಇದು ಕಂಬಳಿ ಐತಲ್ಲ!"

"ಇಂಗ್ಲೆಂಡಿನಲ್ಲಿ ಇದಕ್ಕೆ ಟ್ವೀಡ್ ಅಂತಾರೆ."

"ಇಂಗ್ಲೆಂಡಲ್ಲಿ ಚಳಿ ಐತೆ. ಚಳ್ಳಕೆರೆಯಲ್ಲಿ ಏನೈತೆ? ನಲವತ್ತು ವರ್ಷ ಆಯ್ತು ಕತ್ತರಿ ಹಿಡಿದು. ನಿಮ್ಮ ಜನ ಯಾರೂ ಕಂಬಳಿ ಕತ್ತರಿಸಿಕೊಡ್ರಿ ಅಂತ ನಮ್ಮಂಗಡಿ ಮೆಟ್ಟಿಲು ಹತ್ತಿಲ್ಲ. ಅಮ್ಮಾವ್ರಿಗೆ ಹೇಳಿದ್ದೀರಾ?"

"ಹೇಳಿದ್ದೀನಿ" ಎಂದೆ.

ಅವರು ನನ್ನ ಮುಖವನ್ನೊಮ್ಮೆ, ಕಂಬಳಿಯನ್ನೊಮ್ಮೆ ನೋಡಿ, ದೇವರ ಹೆಸರು ಹೇಳಿ ಕತ್ತರಿ ಇಟ್ಟರು. ಕತ್ತರಿ ನೂಲಿನೊಳಗೆ ಇಳಿದ ಸದ್ದು ನನಗೆ ಹಿಡಿಸಲಿಲ್ಲ. ಎದ್ದು ಮುಂದಿನ ಬೀದಿಗೆ ಹೋಗಿ ಟೀ ಕುಡಿದು ಬಂದೆ.

ಹದಿನೈದು ದಿನ, ಐದು ಸೂಜಿ ಮುರಿದ ಮೇಲೆ ಕೋಟು ಸಿದ್ಧವಾಯಿತು. ಹೆಗಲ ಮೇಲೆ ಎರಡು ಪಟ್ಟಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಒಳಗಡೆ ಬ್ಯಾಂಡ್ ಸೆಟ್ಟಿನವರ ಬಟ್ಟೆಯಲ್ಲಿ ಉಳಿದಿದ್ದ ಕೆಂಪು ಸ್ಯಾಟಿನ್ ಲೈನಿಂಗ್. ಒಂದು ಕ್ಲಾರಿನೆಟ್ ಕೈಗೆ ಕೊಟ್ಟಿದ್ದರೆ ನಾನು ನೇರವಾಗಿ ಮೆರವಣಿಗೆಗೆ ಹೊರಡಬಹುದಿತ್ತು. ಅರ್ಧ ದಿನ ಜಗಳವಾಡಿ ಪಟ್ಟಿ ಕೀಳಿಸಿ, ಒಂದು ಸಾಲು ಗುಂಡಿ ಬಿಚ್ಚಿಸಿ, ಉಳಿದವನ್ನು ಕಪ್ಪು ಗುಂಡಿ ಮಾಡಿಸಿದೆ. ಲೈನಿಂಗ್ ಬದಲಾಯಿಸಲು ಅವರು ಒಪ್ಪಲಿಲ್ಲ. "ಒಳಗಿರೋದು ಯಾರಿಗೆ ಕಾಣ್ತೈತೆ?" ಎಂದರು.

ಚಳ್ಳಕೆರೆಯಲ್ಲಿ ಚಳಿಗಾಲ ಎಂದರೆ ಬೆಳಿಗ್ಗೆ ಆರರಿಂದ ಎಂಟರವರೆಗೆ. ನಮ್ಮ ಕಾಲೇಜು ಶುರುವಾಗುವುದು ಹತ್ತಕ್ಕೆ. ಮೊದಲ ದಿನ ನನ್ನನ್ನು ನೋಡಿದ ಪ್ರಿನ್ಸಿಪಾಲರು ನಿಜವಾದ ಕಳಕಳಿಯಿಂದ, "ಏನ್ರಿ, ಜ್ವರಾನಾ? ರಜ ತಗೊಳ್ರಿ" ಎಂದರು. ಅರೆಕಾಲಿಕನಿಗೆ ರಜ ಎಂದರೆ ಸಂಬಳ ಖೋತಾ, ಹಾಗಾಗಿ ನಾನು ಆರೋಗ್ಯವಾಗಿದ್ದೇನೆ ಎಂದು ಒತ್ತಿ ಹೇಳಿದೆ. ತರಗತಿಯಲ್ಲಿ ಅಶೋಕನ ಶಾಸನಗಳ ಪಾಠ. ಸಿದ್ದಾಪುರದ ಬಂಡೆಯ ವಿಷಯ ಬರೆಯಲು ಬೋರ್ಡಿನ ಕಡೆ ತಿರುಗಿದ್ದೇ ತಡ, ಹಿಂದಿನ ಬೆಂಚಿನಿಂದ "ಬ್ಯಾ" ಎಂದಿತು. ತಿರುಗಿ ನೋಡಿದರೆ ಐವತ್ತು ಮುಖಗಳಲ್ಲಿ ಐವತ್ತೂ ಮುಗ್ಧ. ಬೋರ್ಡಿಗೆ ಬೆನ್ನು ಕೊಟ್ಟೇ ಬರೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಒಂದು ದಿನ ಅಕಾಲದ ತುಂತುರು ಮಳೆ ಬಿತ್ತು. ಕಂಬಳಿಯ ಉದ್ದದ ಹಾಸು ನೂಲಿಗೆ ಗಟ್ಟಿಯಾಗಲೆಂದು ಹುಣಸೆ ಬೀಜದ ಗಂಜಿ ಕುಡಿಸಿರುತ್ತಾರೆ. ನೆನೆದರೆ ಆ ಗಂಜಿಯೂ ಕುರಿಯೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಿಟಕಿ ಪಕ್ಕದ ಕುರ್ಚಿಗಳಿಗೆ ಹೋದರು.

ನಾನು ಎದೆಗುಂದಲಿಲ್ಲ. ಪತ್ರಿಕೆಯಲ್ಲಿ ಬರೆದಿತ್ತು: ಒಳ್ಳೆಯ ಉಡುಪು ಅರ್ಥವಾಗಲು ಸಮಾಜಕ್ಕೆ ಸಮಯ ಬೇಕು.

ಅಷ್ಟರಲ್ಲಿ ಮೊಳಕಾಲ್ಮೂರಿನ ಹೆಣ್ಣಿನ ಮಾತು ಬಂತು. ಹೆಣ್ಣಿನ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು, ನಮ್ಮ ಕಡೆಯವರೇ. ನೆಂಟಸ್ತಿಕೆ ತಂದವರು ಅದೇ ಗುಮಾಸ್ತರು. ಮೊದಲು ನಾವಿಬ್ಬರೇ ಹೋಗಿ ನೋಡಿಕೊಂಡು ಬರುವುದು, ಒಪ್ಪಿಗೆಯಾದರೆ ಅವ್ವನಿಗೆ ತಿಳಿಸಿ ದಿನ ಗೊತ್ತುಮಾಡುವುದು ಎಂದಾಯಿತು. ನಾನು ಕೋಟು ತೊಟ್ಟೆ. "ಬ್ಯಾಡ್ರಿ ಮೇಷ್ಟ್ರೇ, ಹುಡುಗಿ ಹೆದರ್ತಾಳೆ" ಎಂದರು ಗುಮಾಸ್ತರು. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಕುರಿ ಕಾಯುವ ಅಜ್ಜನೊಬ್ಬ ದಾರಿಯಲ್ಲಿ ಸಿಗುವ ಹಾನಗಲ್ ಹಳ್ಳಿ ದಾಟುವುದರೊಳಗೆ ನನ್ನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದ. ಎದ್ದವನು, "ಮನೇಲಿ ಮಲಗಿದಂಗಾತಪ್ಪ" ಎಂದು ಆಶೀರ್ವದಿಸಿ ಇಳಿದುಹೋದ. ಇಡೀ ತಾಲ್ಲೂಕಿನಲ್ಲಿ ನನ್ನ ಕೋಟನ್ನು ಮೆಚ್ಚಿದವನು ಅವನೊಬ್ಬನೇ ಎಂದುಕೊಂಡೆ.

ಹೆಣ್ಣಿನ ಮನೆಯವರು ಬಾಡಿಗೆಗಿದ್ದದ್ದು ರೇಷ್ಮೆ ಸೀರೆ ನೇಯುವವರ ಮನೆಯ ಮುಂಭಾಗದಲ್ಲಿ. ಹಿಂದೆ ಮಗ್ಗದ ಸದ್ದು. ಮನೆಯ ಯಜಮಾನರೂ ಹಿರಿಯರೆಂದು ಬಂದು ಕೂತರು. ಉಪ್ಪಿಟ್ಟು ಬಂತು, ಹುಡುಗಿ ಬಂದಳು, ಕಾಫಿ ಬಂತು. ನಾನು ಪತ್ರಿಕೆಯ ದೊರೆಯಂತೆ ಒರಗಲು ಗೋಡೆ ಹುಡುಕುತ್ತಿದ್ದೆ. ಬೆವರು ಬೆನ್ನ ಮೇಲೆ ಕಾಲುವೆ ಕಟ್ಟಿತ್ತು. ಆಗ ನೇಕಾರ ಯಜಮಾನರು ಎದ್ದು ಬಂದು, ಕೇಳದೆಯೇ ನನ್ನ ತೋಳಿನ ಅಂಚನ್ನು ಹಿಡಿದು, ಎರಡು ಬೆರಳಲ್ಲಿ ತಿಕ್ಕಿ, ಬೆಳಕಿಗೆ ತಿರುಗಿಸಿದರು.

"ಎವರು ವಡಿಕಿನಾರು?" ಎಂದರು. ನೂತವರು ಯಾರು ಎಂದು ತೆಲುಗಿನಲ್ಲಿ. ನನಗೆ ತಿಳಿಯಲಿಲ್ಲವೆಂದುಕೊಂಡು ಕನ್ನಡಕ್ಕೆ ಬಂದರು. "ಈ ನೂಲು ಯಾರು ನೂತಿದ್ದು ಅಂದೆ. ಐವತ್ತು ವರ್ಷ ನೂಲು ನೋಡೀನಿ. ಎಲ್ಲೂ ಒಂದು ಗಂಟಿಲ್ಲ, ಸಣ್ಣ ದಪ್ಪ ಆಗಿಲ್ಲ. ರೇಷ್ಮೇಲಿ ಹಿಂಗೆ ಬಂದ್ರೆ ಕಣ್ಣಿಗೆ ಒತ್ತಿಕೊಳ್ತೀವಿ. ಇದನ್ನ ಕತ್ತರಿಸಿ ಈ ವೇಷ ಯಾರು ಹೊಲಿದಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. "ನಮ್ಮವ್ವ ನೂತಿದ್ದು" ಎಂದೆ. ಎರಡನೆಯ ಪ್ರಶ್ನೆಗೆ ಕಾಫಿ ಲೋಟ ಎತ್ತಿಕೊಂಡೆ.

ಯಜಮಾನರು ಹುಡುಗಿಯ ತಂದೆಯ ಕಡೆ ತಿರುಗಿ, "ಹುಡುಗನ ವಿಷಯ ನಂಗೆ ಗೊತ್ತಿಲ್ಲ ಮೇಷ್ಟ್ರೇ. ಆ ತಾಯಿ ಮನೆಗಾದ್ರೆ ಕಣ್ಣು ಮುಚ್ಚಿ ಕೊಡಬಹುದು" ಎಂದರು. ಹೀಗೆ ನನ್ನ ಮದುವೆ ನಿಶ್ಚಯವಾಯಿತು. ಹುಡುಗಿಗೂ ಅವಳದೇ ಕಾರಣವಿತ್ತೆಂದು ಮುಂದೆ ತಿಳಿಯಿತು: ಆ ಬಿಸಿಲಲ್ಲಿ ಆ ಕೋಟು ಸಹಿಸಿಕೊಂಡವನು ಯಾವ ಸಂಸಾರವನ್ನಾದರೂ ಸಹಿಸಿಕೊಂಡಾನು.

ಅವತ್ತೇ ಊರಿಗೆ ಹೋಗಿ ಅವ್ವನಿಗೆ ಹೇಳಿಬಿಡಬೇಕಿತ್ತು. ವಾಪಸು ಬರುವ ಬಸ್ಸಿನಲ್ಲಿ ಹಾಗೆಯೇ ಅಂದುಕೊಂಡಿದ್ದೆ. ಆದರೆ ಸಂಕ್ರಾಂತಿ ಕಳೆಯಲಿ ಎಂದೆ, ಶಿವರಾತ್ರಿ ಕಳೆಯಲಿ ಎಂದೆ, ಪರೀಕ್ಷೆ ಮುಗಿಯಲಿ ಎಂದೆ. ಇಷ್ಟಕ್ಕೂ ಹೇಳಿ ಆಗುವುದೇನು, ಸುಮ್ಮನೆ ನೊಂದುಕೊಳ್ಳುತ್ತಾಳೆ ಎಂದೆ. ಅವ್ವನ ಮೇಲೆ ನನಗೆ ಎಂದೂ ಇಲ್ಲದ ಕನಿಕರ ಆ ತಿಂಗಳುಗಳಲ್ಲಿ ಉಕ್ಕಿ ಹರಿಯಿತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು.

ವೈಶಾಖದಲ್ಲಿ ನಮ್ಮ ಮನೆಯ ಮುಂದೆ ಚಪ್ಪರ ಬಿತ್ತು. ಬೆಳಿಗ್ಗೆ ಅರಿಶಿನ ಅರೆದಿಟ್ಟರು. ಹಸೆ ಬರೆದರು. ಅವ್ವ ಟ್ರಂಕಿನಿಂದ ಗಂಟನ್ನು ಎತ್ತಿಕೊಂಡು ಬಂದಳು. ನಾನು ಪಂಚೆ ಉಟ್ಟು ಅಲ್ಲೇ ನಿಂತಿದ್ದೆ. ಅವಳು ಕೂತು ಗಂಟಿನ ಸೀರೆ ಬಿಚ್ಚಿದಳು, ಬೇವಿನ ಎಲೆ ಕೊಡವಿದಳು, ಕಂಬಳಿ ಹರಡಲು ಅಂಚು ಹಿಡಿದವಳು ಕೈ ತಡೆದಳು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳಾಡಿಸಿದಳು. ನಡುವೆ ಕೈಯಿಟ್ಟು ನೋಡಿದಳು.

"ಇದು ನನ್ನ ನೂಲಲ್ಲ" ಎಂದಳು.

ಓಲಗದವರೂ ನಿಲ್ಲಿಸಿದರು. "ಟ್ರಂಕು ನಿಂದು, ಸೀರೆ ನಿಂದು, ಕಂಬಳಿ ಹೆಂಗೆ ಬ್ಯಾರೆ ಆಗ್ತೈತೆ?" ಎಂದರು ಯಾರೋ. "ಅಲ್ಲ ಅಂದ್ರೆ ಅಲ್ಲ. ನಾ ನೂತಿದ್ದು ನಂಗೊತ್ತಿಲ್ಲೇನು?" ಎಂದಳು ಅವ್ವ. ಆಗ ಹಿರಿಯರೊಬ್ಬರು, "ಹಂಗಾದ್ರೆ ನೇಯೋನೇ ಬದಲಾಯ್ಸಿರ್ಬೇಕು" ಎಂದುಬಿಟ್ಟರು. ಎಲ್ಲರ ಕಣ್ಣೂ ಚಪ್ಪರದ ಮೂಲೆಯಲ್ಲಿ ಕೂತಿದ್ದ ನೇಯುವ ಅಜ್ಜನ ಮೇಲೆ ಬಿದ್ದವು. ಅಜ್ಜ ಮೇಲೆದ್ದ. ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ನಿಂತ. ಒಬ್ಬ ಮುದುಕ ಊರೆದುರು ಹಾಗೆ ನಿಂತಿರುವುದನ್ನು ನೋಡಿಯೂ ಎರಡು ನಿಮಿಷ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

"ಅಜ್ಜಂದೇನೂ ತಪ್ಪಿಲ್ಲ" ಎಂದೆ ಕೊನೆಗೆ. "ನಾನೇ ತಗಂಡಿದ್ದು. ಕೋಟು ಹೊಲಿಸ್ದೆ."

ಸೂಟ್‌ಕೇಸಿನಿಂದ ಕೋಟು ತಂದೆ. ಆ ಸೆಕೆಯಲ್ಲೂ ಫೋಟೋಗೆಂದು ಅದನ್ನು ಹೊತ್ತು ತಂದಿದ್ದೆ. ಬಿಚ್ಚಿದಾಗ ಒಳಗಿನ ಕೆಂಪು ಸ್ಯಾಟಿನ್ ನೋಡಿ ಓಲಗದವರ ಪೈಕಿ ಒಬ್ಬ ನಕ್ಕ. ಅವ್ವ ನಗಲಿಲ್ಲ, ಬೈಯಲೂ ಇಲ್ಲ. ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು, ತೋಳು, ಜೇಬು ಎಲ್ಲವನ್ನೂ ಒಂದೊಂದಾಗಿ ತಡವಿದಳು. ಹೊಲಿಗೆ ಸಿಕ್ಕಲ್ಲೆಲ್ಲ ಬೆರಳು ನಿಲ್ಲುತ್ತಿತ್ತು. ಆಮೇಲೆ ಅಜ್ಜನ ಕಡೆ ತಿರುಗಿ, "ಕುಂದ್ರಣ್ಣ, ಬಾಯಿಗೆ ಬಂದಂಗೆ ಅಂದ್ರು. ಮನಸಿಗೆ ಹಚ್ಕಬ್ಯಾಡ" ಎಂದಳು. ಸಂತೆಯ ಕಂಬಳಿಯನ್ನು ಪಕ್ಕಕ್ಕೆ ಸರಿಸಿದಳು. ಕೋಟಿನ ಗುಂಡಿ ಬಿಚ್ಚಿ, ತೋಳುಗಳನ್ನು ಎರಡೂ ಕಡೆಗೆ ಚಾಚಿ, ಹಸೆಯ ಮೇಲೆ ಅದನ್ನೇ ಹಾಸಿದಳು.

"ಕತ್ತರಿ ಬಿದ್ದೈತಲ್ಲವ್ವ" ಎಂದರು ಆ ಹಿರಿಯರು.

"ಬಿದ್ದಿರ್ಲಿ. ನೂಲು ನಂದು."

ನಾನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಬೈಗುಳಕ್ಕೆ, ಅಳುವಿಗೆ, ಶಾಪಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಅವಳು ಕೋಟಿನ ಕಾಲರನ್ನು ಬೆರಳಲ್ಲಿ ತಿಕ್ಕುತ್ತ, ನನಗಷ್ಟೇ ಕೇಳುವ ಹಾಗೆ ಹೇಳಿದಳು:

"ಕೋಟಿಗೆ ಅಂತ ಒಂದ್ ಮಾತು ಅಂದಿದ್ರೆ ಸಣ್ಣಗೆ ನೂಲ್ತಿದ್ನಲ್ಲೋ ಮಗಾ. ಇದು ಕುಂದ್ರಾಕೆ ಅಂತ ದಪ್ಪಕೆ ನೂತಿದ್ದು. ಕುತ್ತಿಗೆಗೆಲ್ಲ ಚುಚ್ಚಿರ್ಬೇಕು."

"ಇಲ್ಲವ್ವ" ಎಂದೆ.

ಅವಳು ಕೈ ಚಾಚಿ ನನ್ನ ಕತ್ತಿನ ಹಿಂಬದಿಯನ್ನು ತಡವಿದಳು. ಕೆರೆದು ಕೆರೆದು ಒರಟಾಗಿದ್ದ ಚರ್ಮ ಬೆರಳಿಗೆ ಸಿಕ್ಕಿತು. ಪಕ್ಕದ ಬಟ್ಟಲಿನಿಂದ ಮದುವೆಯ ಅರಿಶಿನ ತೆಗೆದುಕೊಂಡು ಮೊದಲು ಅಲ್ಲಿಗೆ ಹಚ್ಚಿದಳು.